ಅಡಿಕೆ ಸುಲಿಯುವ ಯಂತ್ರಕ್ಕೆ ಪುಟ್ಟ ಸಿಎನ್‌ಸಿ ರೂಟರ್‌ನಲ್ಲಿ ಕೊರೆದ ಬೇರಿಂಗ್ ಪ್ಲೇಟು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರವನ್ನು ಕೊಯ್ಲಿಗೆ ಮುಂಚೆ ಒಮ್ಮೆ ಪೂರ್ತಿ ಬಿಚ್ಚಿ ತೊಳೆಯುವುದು ಪ್ರತಿ ವರ್ಷದ ಪದ್ಧತಿ. ಈ ಸಲ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹಾಗೆ ಬಿಚ್ಚಿದಾಗ, ರೋಲರಿನ ಬೆಲ್ಟ್ ಕಡೆಯ ಬೇರಿಂಗನ್ನು ಹಿಡಿದಿರುವ ಎರಕದ ಅಲ್ಯೂಮಿನಿಯಂ ಪ್ಲೇಟಿನಲ್ಲಿ, ಒಂದು ಬೋಲ್ಟಿನ ತೂತಿನಿಂದ ಬೇರಿಂಗಿನ ಗೂಡಿನವರೆಗೆ ಕೂದಲೆಳೆಯಷ್ಟು ಸೀಳು ಕಾಣಿಸಿತು. ಬೇರಿಂಗಿನ ಹೊರಬಳೆ ಗೂಡಿನೊಳಗೆ ಜಾರುತ್ತಾ ತಿರುಗಿ ಗೂಡೂ ಸವೆದಿತ್ತು. ಆ ಮಾದರಿಯ ಯಂತ್ರ ಈಗ ತಯಾರಾಗುತ್ತಿಲ್ಲ, ಬಿಡಿಭಾಗವೂ ಸಿಗುವುದಿಲ್ಲ. ದೀಪಾವಳಿ ಕಳೆದೊಡನೆ ಮೊದಲ ಅಡಿಕೆಗೊನೆಗಳು ಇಳಿಯತೊಡಗುತ್ತವೆ. ಕೊಯ್ದ ಹಸಿ ಅಡಿಕೆಯನ್ನು ಸುಲಿದು ಬೇಯಿಸುವುದಕ್ಕೆ ತಡಮಾಡುವಂತಿಲ್ಲ. ಎರಕವನ್ನು ಬೆಸುಗೆ ಹಾಕಿಸಿ ಮತ್ತೆ ಕೊರೆಸುವುದಕ್ಕಿಂತ, ಗಟ್ಟಿ ಪ್ಲೇಟಿನಿಂದ ಹೊಸದನ್ನೇ, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಕಟರ್ ಓಡಿಸಿ ಕೊರೆಯುವ ನನ್ನ ರೂಟರ್‌ನಲ್ಲಿ ತೆಗೆಯುವುದು ಮೇಲು ಎಂದು ನಿರ್ಧರಿಸಿದೆ. ಆ ಕೆಲಸಕ್ಕೆ ಐದು ವಾರ ಹಿಡಿಯಿತು. ಲೋಹ ಕತ್ತರಿಸಿದ್ದು ಅದರಲ್ಲಿ ಒಂದೆರಡು ಗಂಟೆ ಮಾತ್ರ. ಉಳಿದದ್ದೆಲ್ಲ ಯಂತ್ರವನ್ನು ಅಲ್ಯೂಮಿನಿಯಂಗೆ ಯೋಗ್ಯವಾಗಿಸುವ ಕೆಲಸ.

ರೂಟರ್ ನಾನೇ ಜೋಡಿಸಿದ್ದು, ಅದೂ ಮರಕ್ಕೆಂದು. 400 ಮಿಲಿಮೀಟರ್ ಉದ್ದ, 300 ಮಿಲಿಮೀಟರ್ ಅಗಲದ ಕೆಲಸದ ಜಾಗ, ಅಲ್ಯೂಮಿನಿಯಂ ಪ್ರೊಫೈಲುಗಳ ಚೌಕಟ್ಟು, 15 ಮಿಲಿಮೀಟರ್ ಲೀನಿಯರ್ ರೈಲುಗಳು, 12 ಮಿಲಿಮೀಟರ್ ವ್ಯಾಸ ಮತ್ತು 4 ಮಿಲಿಮೀಟರ್ ಲೀಡಿನ, ಅಂದರೆ ಒಂದು ಸುತ್ತಿಗೆ ಅಷ್ಟು ಮುಂದೆ ಸಾಗಿಸುವ, ಬಾಲ್ ಸ್ಕ್ರೂಗಳು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 23 ಸ್ಟೆಪ್ಪರ್ ಮೋಟಾರುಗಳು. ಕಟರನ್ನು ತಿರುಗಿಸುವ ಸ್ಪಿಂಡಲ್ 800 ವ್ಯಾಟಿನದು, ನೀರಿನಿಂದ ತಂಪಾಗುವಂಥದ್ದು, ನಿಮಿಷಕ್ಕೆ ಗರಿಷ್ಠ 24,000 ಸುತ್ತು, ಕಟರನ್ನು ಕಚ್ಚಿ ಹಿಡಿಯಲು ಇಆರ್11 ಕಾಲೆಟ್. ಆರ್ಡುಯಿನೊ ಊನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಮೇಲೆ ಓಡುವ ತಂತ್ರಾಂಶ ಜಿಆರ್‌ಬಿಎಲ್ ಅದನ್ನು ನಡೆಸುತ್ತದೆ. ಹಲಸು, ಸಾಗುವಾನಿ ಹಲಗೆಗಳ ಮೇಲೆ ಅಕ್ಷರ ಕೊರೆಯಲು ಅದು ಚೆನ್ನಾಗಿಯೇ ದುಡಿಯುತ್ತಿತ್ತು.

ಬೇಕಾಗಿದ್ದ ಪ್ಲೇಟು ಸರಳವಾದದ್ದು. 120 ಮಿಲಿಮೀಟರ್ ಚೌಕ, 20 ಮಿಲಿಮೀಟರ್ ದಪ್ಪ. ನಡುವೆ 6204 ಬೇರಿಂಗಿಗೆ, ಅಂದರೆ 20 ಮಿಲಿಮೀಟರ್ ಒಳವ್ಯಾಸ, 47 ಹೊರವ್ಯಾಸ ಮತ್ತು 14 ಅಗಲದ ಬೇರಿಂಗಿಗೆ, 13.9 ಮಿಲಿಮೀಟರ್ ಆಳದ ಗೂಡು. ಆ 0.1 ಮಿಲಿಮೀಟರ್ ಕಡಿಮೆ ಮಾಡಿದ್ದು, ಮೇಲಿನ ಮುಚ್ಚಳ ಹೊರಬಳೆಯನ್ನು ಒತ್ತಿ ಹಿಡಿಯಲಿ ಎಂದು. ಗೂಡಿನ ತಳದಲ್ಲಿ ಶಾಫ್ಟಿಗಾಗಿ 39 ಮಿಲಿಮೀಟರ್ ತೂತು, ನಾಲ್ಕು ಮೂಲೆಗಳಲ್ಲಿ ಎಂ8 ಬೋಲ್ಟುಗಳಿಗೆ 9 ಮಿಲಿಮೀಟರ್ ತೂತುಗಳು, ಮುಚ್ಚಳಕ್ಕೆ ನಾಲ್ಕು ಎಂ4 ಮರೆಗಳು, ಅಂದರೆ ಸ್ಕ್ರೂ ಕೂರುವ ಸುರುಳಿ ಗೆರೆಯ ತೂತುಗಳು. ಹೊರಗಿನ ಚೌಕವನ್ನು ರೂಟರ್‌ನಲ್ಲಿ ಕತ್ತರಿಸುವ ಆಲೋಚನೆಯನ್ನು ಆರಂಭದಲ್ಲೇ ಬಿಟ್ಟೆ. ಗರಗಸ ಮತ್ತು ಅರದಿಂದ ಆಗುವ ಕೆಲಸಕ್ಕೆ 20 ಮಿಲಿಮೀಟರ್ ಆಳದ ಕಾಲುವೆ ತೋಡಿಸಿ ಕಟರ್ ಸವೆಸುವುದು ಸರಿಯಲ್ಲ. ಇಡೀ ಪ್ಲೇಟಿನಲ್ಲಿ ನಿಖರತೆ ಬೇಕಾದದ್ದು ಒಂದೇ ಕಡೆ, ಆ 47 ಮಿಲಿಮೀಟರಿನ ಗೂಡಿನಲ್ಲಿ.

ಮೊದಲ ಪ್ರಯತ್ನವನ್ನು ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಅಲ್ಯೂಮಿನಿಯಂ ತುಂಡಿನ ಮೇಲೆ ಮಾಡಿದೆ. ಕೈಯಲ್ಲಿದ್ದ ಕಟರ್ 6 ಮಿಲಿಮೀಟರಿನ, ನಾಲ್ಕು ಅಂಚಿನ, ಹೈ ಸ್ಪೀಡ್ ಸ್ಟೀಲಿನದು. ಲೋಹವಾದ್ದರಿಂದ ನಿಧಾನವಾಗಿ ಹೋಗಬೇಕು ಎಂದುಕೊಂಡು ಫೀಡನ್ನು, ಅಂದರೆ ಕಟರ್ ಮುಂದೆ ಸಾಗುವ ವೇಗವನ್ನು, ನಿಮಿಷಕ್ಕೆ 300 ಮಿಲಿಮೀಟರಿಗೆ ಇಳಿಸಿ, ಮರಕ್ಕೆ ಇಡುವಂತೆ ಸ್ಪಿಂಡಲನ್ನು 24,000ದಲ್ಲೇ ಬಿಟ್ಟೆ. ಅರ್ಧ ನಿಮಿಷ ಕೀರಲು ಸದ್ದು ಬಂತು, ಅನಂತರ ಸದ್ದು ಮಂದವಾಯಿತು, ಕಟರ್ ಮುರಿಯಿತು. ತುಂಡನ್ನು ಎತ್ತಿ ನೋಡಿದರೆ ಕಟರಿನ ನಾಲ್ಕು ತೋಡುಗಳೂ ಕರಗಿ ಅಂಟಿದ ಅಲ್ಯೂಮಿನಿಯಂನಿಂದ ತುಂಬಿ, ಅದು ಬರಿಯ ದುಂಡು ಕಡ್ಡಿಯಾಗಿ ಹೋಗಿತ್ತು.

ಅಂದು ರಾತ್ರಿ ಲೆಕ್ಕ ಹಾಕಿದಾಗ ತಪ್ಪು ಎದ್ದು ಕಂಡಿತು. 24,000 ಸುತ್ತು, ನಾಲ್ಕು ಅಂಚು ಎಂದರೆ ನಿಮಿಷಕ್ಕೆ 96,000 ಕಡಿತ; 300 ಮಿಲಿಮೀಟರನ್ನು ಅದರಿಂದ ಭಾಗಿಸಿದರೆ ಒಂದೊಂದು ಅಂಚಿನ ಪಾಲಿಗೆ ಬರುವುದು 0.003 ಮಿಲಿಮೀಟರ್, ಅಂದರೆ ಮೂರು ಮೈಕ್ರಾನ್. ಎಷ್ಟೇ ಹರಿತವೆಂದು ಕಾಣುವ ಅಂಚಿನ ತುದಿಯಲ್ಲೂ ಕೆಲವು ಮೈಕ್ರಾನುಗಳ ದುಂಡು ಇದ್ದೇ ಇರುತ್ತದೆ. ಆ ದುಂಡಿಗಿಂತ ತೆಳುವಾದ ಚೂರನ್ನು ಕೇಳಿದರೆ ಅಂಚು ಲೋಹದೊಳಗೆ ಇಳಿಯದೆ ಮೇಲೆಯೇ ಉಜ್ಜುತ್ತದೆ. ಉಜ್ಜಿದಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಯಾದ ಅಲ್ಯೂಮಿನಿಯಂ ಮೆತ್ತಗಾಗಿ ಅಂಚಿಗೇ ಬೆಸೆದುಕೊಳ್ಳುತ್ತದೆ. ಸರಿಯಾದ ದಪ್ಪದ ಚೂರು ಹುಟ್ಟಿದಾಗಲಾದರೋ ಬಿಸಿಯ ಬಹುಪಾಲು ಆ ಚೂರಿನ ಜೊತೆಗೇ ಹಾರಿಹೋಗುತ್ತದೆ. ನಾನು ಎಚ್ಚರಿಕೆಯೆಂದು ಮಾಡಿದ ನಿಧಾನವೇ ಕಟರನ್ನು ಮುರಿದಿತ್ತು. ಪುಟ್ಟ ರೂಟರ್‌ನಲ್ಲಿ ಅಲ್ಯೂಮಿನಿಯಂ ಕೊರೆಯಲು ಹೊರಟವರು ಬೇರೆಲ್ಲಕ್ಕಿಂತ ಮೊದಲು ಈ ಭಾಗಾಕಾರವನ್ನು ಮಾಡಬೇಕು: ಫೀಡನ್ನು ಸುತ್ತುಗಳಿಂದಲೂ ಅಂಚುಗಳ ಸಂಖ್ಯೆಯಿಂದಲೂ ಭಾಗಿಸಿದಾಗ ಬರುವ ಚೂರಿನ ದಪ್ಪ, 6 ಮಿಲಿಮೀಟರ್ ಕಟರಿಗೆ, 0.03ರಿಂದ 0.05 ಮಿಲಿಮೀಟರ್ ಒಳಗೆ ಇದೆಯೇ ಎಂದು. ಇಲ್ಲದಿದ್ದರೆ ಎಷ್ಟು ಗಾಳಿ ಊದಿದರೂ ಎಷ್ಟು ಎಣ್ಣೆ ಹನಿಸಿದರೂ ಕೆಲಸ ಕೆಡುತ್ತದೆ.

ಈ ಲೆಕ್ಕವೇ ಒಂದಂಚಿನ ಕಟರಿನ ಕಡೆಗೆ ದಾರಿ ತೋರಿಸಿತು. ರೂಟರಿನ ಸ್ಪಿಂಡಲ್ 10,000ಕ್ಕಿಂತ ಕೆಳಗೆ ಬಲ ಕಳೆದುಕೊಳ್ಳುತ್ತದೆ, ಸ್ಪಿಂಡಲನ್ನು ಹೊತ್ತ ಅಡ್ಡ ಚೌಕಟ್ಟಾದ ಗ್ಯಾಂಟ್ರಿಯೋ ಹೆಚ್ಚು ವೇಗವನ್ನು ತಾಳುವುದಿಲ್ಲ. ಆದ್ದರಿಂದ ಅಂಚುಗಳನ್ನೇ ಕಡಿಮೆ ಮಾಡುವುದು ಒಳ್ಳೆಯ ಉಪಾಯ. ಒಂದಂಚಿನ ಕಟರಿನಲ್ಲಿ ಚೂರು ಹೊರಬರಲು ತೋಡು ವಿಶಾಲವಾಗಿರುತ್ತದೆ. ಇನ್ನೊಂದು ಅನುಕೂಲವೂ ಇದೆ. ನನ್ನ ಕಾಲೆಟ್‌ನಲ್ಲಿ ಕಟರಿನ ಓಲಾಟ, ಸೂಕ್ಷ್ಮ ಸರಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನಲ್ಲಿ, 0.03 ಮಿಲಿಮೀಟರ್ ತೋರಿಸುತ್ತದೆ. ಎರಡಂಚಿನ ಕಟರಾದರೆ, 0.04ರ ಚೂರು ಕೇಳಿದಾಗ, ಒಂದು ಅಂಚಿಗೆ 0.07, ಇನ್ನೊಂದಕ್ಕೆ 0.01 ಬರುವ ಸಾಧ್ಯತೆ ಇದೆ. ಒಂದು ದಣಿಯುತ್ತದೆ, ಇನ್ನೊಂದು ಉಜ್ಜುತ್ತದೆ. ಒಂದೇ ಅಂಚಿದ್ದರೆ ಹಂಚಿಕೆಯ ಪ್ರಶ್ನೆಯೇ ಇಲ್ಲ. ಓಲಾಟದಿಂದ ಕಟರ್ ತುಸು ದಪ್ಪಗಿರುವಂತೆ ಕತ್ತರಿಸುತ್ತದೆ, ಅಷ್ಟೆ. ತೋಡನ್ನು ಕನ್ನಡಿಯಂತೆ ಉಜ್ಜಿದ, ಲೇಪನವಿಲ್ಲದ ಕಾರ್ಬೈಡ್ ಕಟರುಗಳನ್ನು ತರಿಸಿದೆ. ಉಕ್ಕಿಗೆಂದು ಮಾರುವ, ಕಪ್ಪು ನೇರಳೆ ಬಣ್ಣದ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಲೇಪನದ ಕಟರುಗಳನ್ನು ಈ ಕೆಲಸಕ್ಕೆ ಕೊಳ್ಳಬಾರದು. ಆ ಲೇಪನದಲ್ಲೇ ಅಲ್ಯೂಮಿನಿಯಂ ಇರುವುದರಿಂದ ಲೋಹ ಅದಕ್ಕೆ ಇನ್ನಷ್ಟು ಸುಲಭವಾಗಿ ಅಂಟುತ್ತದೆ.

ಹಳೆಯ ತುಂಡೂ ತಪ್ಪಾದ ಲೋಹವೇ ಆಗಿತ್ತು. ಕೈಯಿಂದ ಬಗ್ಗಿಸಿದರೆ ಬಗ್ಗಿ ಹಾಗೆಯೇ ನಿಲ್ಲುವ, ಹೆಚ್ಚುಕಡಿಮೆ ಶುದ್ಧವಾದ ಮೆತ್ತನೆಯ ಅಲ್ಯೂಮಿನಿಯಂ ಕಟರಿಗೆ ಅಂಟಂಟಾಗಿ ಸುತ್ತಿಕೊಳ್ಳುತ್ತದೆ. ಶಿವಮೊಗ್ಗಕ್ಕೆ ಹೋಗಿ, ಲೋಹದ ಅಂಗಡಿಗಳವರು ಎಚ್‌ಇ30 ಎಂದು ಕರೆಯುವ 6082 ಮಿಶ್ರಲೋಹವನ್ನು ಟಿ6 ಹದದಲ್ಲಿ ಕೇಳಿ ತಂದೆ. ಮೆಗ್ನೀಷಿಯಂ, ಸಿಲಿಕಾನ್ ಬೆರೆತು, ಕಾಯಿಸಿ ತಣಿಸಿ ಗಟ್ಟಿಗೊಳಿಸಿದ ಈ ಲೋಹದಲ್ಲಿ ಚೂರು ಚಿಟಿಕೆ ಚಿಟಿಕೆಯಾಗಿ ಮುರಿದು ಬೀಳುತ್ತದೆ. ಬಾಗಿಲು ಕಿಟಕಿಗಳ ಪ್ರೊಫೈಲಿಗೆ ಬಳಸುವ 6063, ಅಂದರೆ ಎಚ್‌ಇ9, ಅದಕ್ಕಿಂತ ಮೆತ್ತಗಿನದು. ಅಂಗಡಿಯಲ್ಲಿ ಎರಡೂ ಒಂದೇ ರೀತಿ ಹೊಳೆಯುವುದರಿಂದ ಹೆಸರು ಹಿಡಿದೇ ಕೇಳಬೇಕು. 120 ಮಿಲಿಮೀಟರ್ ಚೌಕದ, 20 ಮಿಲಿಮೀಟರ್ ದಪ್ಪದ ಎರಡು ತುಂಡು ಕತ್ತರಿಸಿ ಕೊಟ್ಟರು. ಒಂದೊಂದೂ ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ.

ಹೊಸ ಕಟರ್, ಹೊಸ ಲೋಹ, 16,000 ಸುತ್ತು, 640 ಮಿಲಿಮೀಟರ್ ಫೀಡ್, 0.5 ಮಿಲಿಮೀಟರ್ ಆಳ. ಈ ಬಾರಿ ಏನೂ ಅಂಟಲಿಲ್ಲ. ಆದರೆ ಯಂತ್ರ ನಡುಗಿತು. ಕಾಲುವೆಯ ಗೋಡೆಯ ಮೇಲೆ ಅಲೆ ಅಲೆಯಾದ ಗುರುತು ಮೂಡಿತು, ಸದ್ದು ಅಂಗಳದಾಚೆಗೂ ಕೇಳಿಸುವಂತಿತ್ತು. ಎಲ್ಲಿ ಸಡಿಲವಿದೆ ಎಂದು ಊಹಿಸಿ ಬೋಲ್ಟು ಬಿಗಿಯುತ್ತಾ ಹೋಗುವ ಬದಲು ಅಳೆಯಲು ಕುಳಿತೆ. ತೂಕ ಮಾಡುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಸ್ಪಿಂಡಲಿನ ಮೂತಿಗೆ ಹಗ್ಗದಿಂದ ಕಟ್ಟಿ, 5 ಕಿಲೋ ಬಲದಲ್ಲಿ ಎಳೆದು, ಮೇಜಿಗೆ ಅಂಟಿಸಿದ ಡಯಲ್ ಗೇಜಿನಲ್ಲಿ ಮೂತಿ ಎಷ್ಟು ಸರಿಯುತ್ತದೆ ಎಂದು ನೋಡಿದೆ: 0.11 ಮಿಲಿಮೀಟರ್. ಬಳಿಕ ಅದೇ ಎಳೆತವನ್ನು ಹಾಗೆಯೇ ಉಳಿಸಿ ಗೇಜನ್ನು ಒಂದೊಂದೇ ಹಂತ ಮೇಲಕ್ಕೆ ಸಾಗಿಸಿದೆ. ಸ್ಪಿಂಡಲ್ ಹಿಡಿದ ಪ್ಲೇಟಿನ ಕೆಳತುದಿಯಲ್ಲಿ 0.09, ಅದರ ಹಿಂದಿನ ಕ್ಯಾರೇಜಿನಲ್ಲಿ 0.07, ಗ್ಯಾಂಟ್ರಿಯ ತೊಲೆಯಲ್ಲೇ 0.06. ಅಂದರೆ ಒಟ್ಟು ಬಾಗುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ನಾನು ಸಂಶಯಪಟ್ಟಿದ್ದ ಸ್ಪಿಂಡಲ್ ಹಿಡಿಕೆಯದ್ದಲ್ಲ, ಅಡ್ಡ ತೊಲೆ ಮತ್ತು ಅದನ್ನು ಹೊತ್ತ ಪಕ್ಕದ ಕಂಬಗಳದ್ದು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ; ಮನೆಯಲ್ಲೇ ರೂಟರ್ ಕಟ್ಟಿಕೊಂಡ ಪ್ರತಿಯೊಬ್ಬರೂ ಇದನ್ನು ಮಾಡಿ ನೋಡಬೇಕೆಂದು ಮನಸಾರೆ ಹೇಳುತ್ತೇನೆ.

ತೊಲೆಯ ಬೆನ್ನಿಗೆ 8 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯನ್ನು 60 ಮಿಲಿಮೀಟರಿಗೊಂದರಂತೆ ಬೋಲ್ಟು ಹಾಕಿ ಜೋಡಿಸಿದೆ. ಪಕ್ಕದ ಕಂಬಗಳು ತೊಲೆಯನ್ನು ಸೇರುವ ಮೂಲೆಗಳಿಗೆ ತ್ರಿಕೋನದ ಉಕ್ಕಿನ ಬೆಂಬಲ ಕೊಟ್ಟೆ. ಕಂಬದ ಬುಡದ ಎರಡು ಬೋಲ್ಟುಗಳು ಬಹುಶಃ ಮೊದಲ ದಿನದಿಂದಲೂ ಪೂರ್ತಿ ಬಿಗಿಯಾಗಿರಲಿಲ್ಲ; ಅವನ್ನೂ ಸರಿಪಡಿಸಿದೆ. ಮತ್ತೆ ಎಳೆದಾಗ ಮೂತಿಯಲ್ಲಿ 0.045 ಮಿಲಿಮೀಟರ್ ಬಂತು. ಕಟರ್ ಕಾಲೆಟ್‌ನಿಂದ ಹೊರಗೆ ಚಾಚಿದ್ದ ಉದ್ದವನ್ನು 30ರಿಂದ 24 ಮಿಲಿಮೀಟರಿಗೆ ಇಳಿಸಿದೆ. ಕಡ್ಡಿಯ ಬಾಗುವಿಕೆ ಉದ್ದದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಈ 6 ಮಿಲಿಮೀಟರಿನಿಂದಲೇ ಕಟರಿನ ಬಾಗು ಅರ್ಧವಾಗುತ್ತದೆ.

ಸ್ಕ್ರೂಗಳ ಹಿಂದುಮುಂದಿನ ಸಡಿಲ, ಬ್ಯಾಕ್‌ಲ್ಯಾಶ್, ಮರದ ಕೆಲಸದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಿಕ್ಕಿದ ತುಂಡಿನಲ್ಲಿ ಪರೀಕ್ಷೆಗೆಂದು ಕೊರೆದ ಗೂಡು ಒಂದು ದಿಕ್ಕಿಗೆ 46.93, ಅದಕ್ಕೆ ಅಡ್ಡಲಾಗಿ 46.97 ಅಳತೆ ಕೊಟ್ಟಿತು. ಕೈಗೆ ದುಂಡೆನಿಸುವ ಗೂಡು ನಿಜವಾಗಿ ಅಂಡಾಕಾರವಾಗಿತ್ತು. ಜಿಆರ್‌ಬಿಎಲ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ವ್ಯವಸ್ಥೆ ಇಲ್ಲ, ಆದ್ದರಿಂದ ಯಂತ್ರದಲ್ಲೇ ಅದನ್ನು ತೆಗೆಯಬೇಕು. ಎಕ್ಸ್ ಅಕ್ಷದ ಸ್ಕ್ರೂ ತುದಿಯನ್ನು ಹಿಡಿದಿರುವ ಬಿಕೆ10 ಬ್ಲಾಕಿನೊಳಗಿನ ಬೇರಿಂಗುಗಳನ್ನು ಒತ್ತುವ ನಟ್ಟು ಸಡಿಲಗೊಂಡಿತ್ತು. ಅದನ್ನು ಬಿಗಿದು ಅದರ ಪುಟ್ಟ ಗ್ರಬ್ ಸ್ಕ್ರೂವನ್ನು ಕೂರಿಸಿದ ಮೇಲೆ 0.03 ಇದ್ದ ಸಡಿಲ 0.01ಕ್ಕೆ ಇಳಿಯಿತು. ಇಲ್ಲೊಂದು ಮಾತು ಸೇರಿಸಬೇಕು. ಇಂಥ ಸಮಯದಲ್ಲಿ ಸ್ಟೆಪ್ಸ್ ಪರ್ ಮಿಲಿಮೀಟರ್, ಅಂದರೆ ಒಂದು ಮಿಲಿಮೀಟರ್ ಸಾಗಲು ಮೋಟಾರ್ ಇಡುವ ಹೆಜ್ಜೆಗಳ, ಸಂಖ್ಯೆಯನ್ನು ತಿದ್ದಿ ಅಳತೆ ಸರಿಪಡಿಸುವ ಆಸೆ ಹುಟ್ಟುತ್ತದೆ. ಮೋಟಾರಿಗೆ ಸುತ್ತಿಗೆ 200 ಹೆಜ್ಜೆ, ಡ್ರೈವರಿನಲ್ಲಿ ಎಂಟು ಪಾಲು, ಸ್ಕ್ರೂವಿನ ಲೀಡ್ 4 ಮಿಲಿಮೀಟರ್, ಉತ್ತರ 400. ಬಾಲ್ ಸ್ಕ್ರೂ ಇರುವ ಯಂತ್ರದಲ್ಲಿ ಆ ಸಂಖ್ಯೆಯನ್ನು ಮುಟ್ಟಬಾರದು, ಏಕೆಂದರೆ ಹಾಗೆ ತಿದ್ದಿದಾಗ ಸಡಿಲದ ತಪ್ಪು ಎಲ್ಲ ಅಳತೆಗಳಿಗೂ ಹರಡುತ್ತದೆ.

ಮೇಜಿನ ಹಲಗೆ ಮಲೆನಾಡಿನ ಮಳೆಗಾಲಕ್ಕೆ ಸೋತಿತ್ತು. ಕಟರ್ ತಾಗಿ ಕೆಟ್ಟರೂ ಸರಿಯೆಂದು ಬಲಿ ಹಲಗೆಯಾಗಿ ಹಾಕಿದ್ದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಜೂನ್‌ನಿಂದ ತೇವ ಕುಡಿದು ನಡುವೆ 0.4 ಮಿಲಿಮೀಟರ್ ಉಬ್ಬಿತ್ತು. ಪ್ಲೇಟು ಅದರ ಮೇಲೆ ಕುಳಿತರೆ ಮೂಲೆಗಳಲ್ಲಿ ತೂಗಾಡುತ್ತದೆ, ಒತ್ತಿ ಬಿಗಿದರೆ ಬಾಗುತ್ತದೆ, ಬಿಚ್ಚಿದ ಮೇಲೆ ಗೂಡು ತನ್ನ ಆಕಾರ ಬದಲಿಸುತ್ತದೆ. ಎಂಡಿಎಫ್ ಕಿತ್ತುಹಾಕಿ, ವಿದ್ಯುತ್ ಫಲಕಗಳಿಗೆ ಬಳಸುವ 12 ಮಿಲಿಮೀಟರ್ ಹೈಲಂ ಹಾಳೆಯನ್ನು ಕೂರಿಸಿ, ಅದೇ ಯಂತ್ರದಲ್ಲಿ ಅದರ ಮುಖವನ್ನು ಒಮ್ಮೆ ಸಮ ಮಾಡಿದೆ. ಹೈಲಂ ತೇವಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ಆದರೆ ಅದರ ಧೂಳು ಗಂಟಲಿಗೆ ಕೆಟ್ಟದ್ದು, ಮುಖವಾಡವಿಲ್ಲದೆ ಆ ಕೆಲಸಕ್ಕೆ ಇಳಿಯಬಾರದು. ರೈಲು ಮತ್ತು ಸ್ಕ್ರೂಗಳಿಗೆ ಎಣ್ಣೆ ಒರೆಸಿ, ರಾತ್ರಿ ಯಂತ್ರದ ಮೇಲೆ ತಾಡಪಾಲು ಹೊದಿಸಿ, ಅದರೊಳಗೆ 40 ವ್ಯಾಟಿನ ಹಳೆಯ ಬಲ್ಬೊಂದನ್ನು ಉರಿಸಿಡುವ ಅಭ್ಯಾಸ ನನ್ನದು. ಒಳಗಿನ ಗಾಳಿ ಹೊರಗಿಗಿಂತ ಕೊಂಚ ಬೆಚ್ಚಗಿದ್ದರೆ ಲೋಹದ ಮೇಲೆ ಇಬ್ಬನಿ ಕೂರುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ.

ಇಷ್ಟಾದ ಮೇಲೆ ಕತ್ತರಿಸುವ ದಾರಿಯನ್ನು ಬದಲಿಸಿದೆ. ಕಟರಿನ ಪೂರ್ಣ ಅಗಲದಲ್ಲಿ ಕಾಲುವೆ ತೋಡುವುದು ದುರ್ಬಲ ಯಂತ್ರಕ್ಕೆ ಅತ್ಯಂತ ಕಠಿಣವಾದ ಕೆಲಸ. ಕಟರಿನ ಅರ್ಧ ಸುತ್ತಳತೆ ಸದಾ ಲೋಹದಲ್ಲಿ ಹುದುಗಿರುತ್ತದೆ, ಚೂರು ಹೊರಬರಲು ಜಾಗವಿರುವುದಿಲ್ಲ. ಅದರ ಬದಲು ಗೂಡಿನ ನಡುವೆ ಸುರುಳಿಯಾಗಿ ಇಳಿದು, ಅಲ್ಲಿಂದ ಹೊರಗೆ 0.8 ಮಿಲಿಮೀಟರ್ ತೆಳುವಾದ ಪದರಗಳನ್ನು ಮಾತ್ರ ಹೆರೆಯುತ್ತಾ, ಆದರೆ ಒಮ್ಮೆಗೆ 4.6 ಮಿಲಿಮೀಟರ್ ಆಳದಲ್ಲಿ, ಮೂರು ಹಂತಗಳಲ್ಲಿ ತೆಗೆಯುವ ಅಡಾಪ್ಟಿವ್ ದಾರಿಯನ್ನು ವಿನ್ಯಾಸದ ತಂತ್ರಾಂಶವಾದ ಫ್ರೀಕ್ಯಾಡ್‌ನಲ್ಲಿ ಬರೆದೆ. ತೆಳು ಪದರ ಹೆರೆಯುವಾಗ ಒಂದು ಸೂಕ್ಷ್ಮವನ್ನು ಮರೆಯಬಾರದು. 6 ಮಿಲಿಮೀಟರ್ ಕಟರ್ 0.8 ಮಿಲಿಮೀಟರ್ ಮಾತ್ರ ಒಳಹೊಕ್ಕರೆ, ಚೂರಿನ ನಿಜವಾದ ದಪ್ಪ ಲೆಕ್ಕದ ದಪ್ಪದ ಸುಮಾರು 0.68 ಪಾಲಿಗೆ ಇಳಿಯುತ್ತದೆ. 0.04ರ ಚೂರು ನಿಜವಾಗಿ ಸಿಗಬೇಕಾದರೆ ಅಂಚಿಗೆ 0.059ರಂತೆ ಫೀಡ್ ಕೊಡಬೇಕು. 16,000 ಸುತ್ತಿಗೆ ಅದು ನಿಮಿಷಕ್ಕೆ ಹತ್ತಿರಹತ್ತಿರ 950 ಮಿಲಿಮೀಟರ್. ಮೊದಲ ದಿನದ ನನ್ನ ಭಯದ ಫೀಡಿಗಿಂತ ಇದು ಮೂರು ಪಟ್ಟು ಹೆಚ್ಚು, ಆದರೂ ಕಟರಿಗೆ ಹಗುರ. ಹೀಗೆ ನಿಮಿಷಕ್ಕೆ 3.5 ಘನ ಸೆಂಟಿಮೀಟರ್ ಲೋಹ ಹೊರಬರುತ್ತದೆ, ಅದಕ್ಕೆ ಬೇಕಾಗುವ ಶಕ್ತಿ 60 ವ್ಯಾಟನ್ನು ಮೀರುವುದಿಲ್ಲ. 800 ವ್ಯಾಟಿನ ಸ್ಪಿಂಡಲ್ ಸಾಲದೆಂದು ದೊಡ್ಡದನ್ನು ಕೊಳ್ಳಲು ಹೊರಡುವವರು ಈ ಅಂಕಿಯನ್ನು ಗಮನಿಸಬೇಕು. ನಮ್ಮ ಯಂತ್ರಗಳಲ್ಲಿ ಕೊರತೆ ಇರುವುದು ಬಿಗುವಿನದು, ಶಕ್ತಿಯದಲ್ಲ.

ಚೂರುಗಳನ್ನು ಗೂಡಿನಿಂದ ಹೊರಗೆ ಹಾಕುವುದು ಕತ್ತರಿಸುವಷ್ಟೇ ಮುಖ್ಯ. ಗುಂಡಿಯಲ್ಲೇ ಉಳಿದ ಚೂರನ್ನು ಕಟರ್ ಮತ್ತೆ ಜಗಿದರೆ ಅದು ಗೋಡೆಗೆ ಬೆಸೆಯುತ್ತದೆ. ಸಣ್ಣ ಕಂಪ್ರೆಸರಿನ ಗಾಳಿಯನ್ನು 2 ಮಿಲಿಮೀಟರ್ ತಾಮ್ರದ ನಳಿಗೆಯಲ್ಲಿ ಕಟರಿನ ತುದಿಗೇ ಗುರಿಯಿಟ್ಟೆ. ಎಣ್ಣೆ ಸಿಂಪಡಿಸಲಿಲ್ಲ. ಲೇತ್ ಅಂಗಡಿಗಳಲ್ಲಿ ಅಲ್ಯೂಮಿನಿಯಂಗೆ ಸೀಮೆಎಣ್ಣೆ ಹಾಕುವ ಹಳೆಯ ರೂಢಿ ಒಳ್ಳೆಯದೇ, ಎಂ4 ಮರೆಗಳನ್ನು 3.3 ಮಿಲಿಮೀಟರ್ ತೂತಿನಲ್ಲಿ ಕೈಯಿಂದ ಕೊರೆಯುವಾಗ ನಾನೂ ಅದನ್ನೇ ಬಳಸಿದೆ. ಆದರೆ 16,000 ಸುತ್ತಿನ ಕಟರಿನ ಎದುರು ಅದನ್ನು ಗಾಳಿಯಲ್ಲಿ ಮಂಜಾಗಿ ಹಾರಿಸುವುದು ಬೆಂಕಿಯನ್ನು ಕರೆದಂತೆ. ಹಾರುವ ಚೂರುಗಳು ನಿಯಂತ್ರಕದ ಮೇಲೆ ಬಿದ್ದರೆ ಶಾರ್ಟ್ ಆಗುವುದು ಖಚಿತ, ಹಾಗಾಗಿ ಅದನ್ನು ಮುಚ್ಚಿದ ಡಬ್ಬಿಯೊಳಗೆ ಇಟ್ಟೆ.

ಮೊದಲ ಪ್ಲೇಟಿನ ಎರಡನೆಯ ಹಂತ ನಡೆಯುತ್ತಿದ್ದಾಗ ಕಟರ್ ಮುರಿಯಿತು, ಮತ್ತು ಈ ಬಾರಿಯ ಕಾರಣ ಫೀಡ್ ಅಲ್ಲ. ಸಂಜೆ ಮಳೆ ಬರುತ್ತಿತ್ತು, ಎಲ್ಲೋ ಕೊಂಬೆ ತಂತಿಗೆ ತಾಗಿ ದೀಪಗಳು ಒಂದು ಕ್ಷಣ ಮಂಕಾದವು. ಸ್ಪಿಂಡಲಿನ ವೇಗ ನಿಯಂತ್ರಿಸುವ ವಿಎಫ್‌ಡಿ ವೋಲ್ಟೇಜ್ ಇಳಿದದ್ದನ್ನು ಕಂಡು ತನ್ನನ್ನು ಕಾಪಾಡಿಕೊಳ್ಳಲು ನಿಂತುಬಿಟ್ಟಿತು. ನಿಯಂತ್ರಕ ಮತ್ತು ಮೋಟಾರುಗಳ ವಿದ್ಯುತ್ ಪೂರೈಕೆ ಘಟಕ, ಎಸ್‌ಎಂಪಿಎಸ್, ಅಷ್ಟು ಇಳಿತವನ್ನು ಸಹಿಸಿಕೊಂಡಿತು. ಸ್ಪಿಂಡಲ್ ನಿಂತಿದೆ ಎಂಬುದು ಜಿಆರ್‌ಬಿಎಲ್‌ಗೆ ತಿಳಿಯುವ ದಾರಿಯೇ ಇರಲಿಲ್ಲ. ತಿರುಗದ ಕಟರನ್ನು ಅದು ಲೋಹದೊಳಗೆ ನೂಕಿತು. ಅದೃಷ್ಟಕ್ಕೆ ಮುರಿದದ್ದು ಇನ್ನೂ ತೆಗೆಯಬೇಕಿದ್ದ ಲೋಹದ ಭಾಗದಲ್ಲಿ, ಪ್ಲೇಟು ಉಳಿಯಿತು. ಕರೆಂಟು ಪೂರ್ತಿ ಹೋದರೆ ಎರಡೂ ನಿಲ್ಲುತ್ತವೆ, ಹಾನಿ ಕಡಿಮೆ. ಅರೆಬರೆ ಇಳಿಯುವುದೇ ನಿಜವಾದ ಅಪಾಯ. ವಿಎಫ್‌ಡಿಯಲ್ಲಿ ದೋಷ ಬಂದಾಗ ಮುಚ್ಚಿಕೊಳ್ಳುವ ರಿಲೇ ಸಂಪರ್ಕವೊಂದು ಸಾಮಾನ್ಯವಾಗಿ ಇರುತ್ತದೆ. ಅದರಿಂದ ಎರಡು ತಂತಿ ಎಳೆದು ಊನೊದ ಎ1 ಪಿನ್ನಿಗೆ, ಅಂದರೆ ಚಲನೆಯನ್ನು ತಡೆದು ನಿಲ್ಲಿಸುವ ಫೀಡ್ ಹೋಲ್ಡ್ ಗುಂಡಿಯ ಜಾಗಕ್ಕೆ, ಜೋಡಿಸಿದೆ. ವಿಎಫ್‌ಡಿಯ ಗದ್ದಲ ಸುಳ್ಳು ಸಂಕೇತ ಕೊಡದಿರಲೆಂದು ಕವಚವಿರುವ ತಂತಿ ಬಳಸಿ, ಪಿನ್ನಿನ ಬಳಿ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಹಾಕಿದೆ. ಈಗ ಸ್ಪಿಂಡಲ್ ದೋಷ ತೋರಿಸಿದ ಕ್ಷಣವೇ ಚಲನೆ ನಿಲ್ಲುತ್ತದೆ, ಸ್ಪಿಂಡಲ್ ಇನ್ನೂ ತನ್ನ ರಭಸದಲ್ಲಿ ತಿರುಗುತ್ತಿರುವಾಗಲೇ. ತುರ್ತು ನಿಲುಗಡೆಯ ಕೆಂಪು ಗುಂಡಿ ಇದರಿಂದ ಬೇರೆಯಾದದ್ದು. ಅದು ಎಲ್ಲದರ ಕರೆಂಟನ್ನೂ ಕಡಿಯುವಂತೆಯೇ ಇರಬೇಕು.

ಪ್ಲೇಟನ್ನು ಅಲುಗಾಡಿಸದೆ ಯಂತ್ರವನ್ನು ಮತ್ತೆ ಅದೇ ಕೇಂದ್ರಕ್ಕೆ ತರುವುದು ಮುಂದಿನ ಕೆಲಸ. ವಿಎಫ್‌ಡಿಯ ಪ್ಲಗ್ ಕಿತ್ತು, ಪುಟ್ಟ ಲಿವರ್ ಡಯಲ್ ಗೇಜನ್ನು ಕಾಲೆಟ್‌ಗೆ ಸಿಕ್ಕಿಸಿ, ಆಗಲೇ ಕೊರೆದಿದ್ದ ಮೊದಲ ಹಂತದ ಗೋಡೆಗೆ ತಾಗಿಸಿ ಸ್ಪಿಂಡಲನ್ನು ಕೈಯಿಂದ ತಿರುಗಿಸುತ್ತಾ, ನಾಲ್ಕೂ ದಿಕ್ಕಿನಲ್ಲಿ ಮುಳ್ಳು ಒಂದೇ ಕಡೆ ನಿಲ್ಲುವವರೆಗೆ ಅಕ್ಷಗಳನ್ನು ನೂರನೆಯ ಒಂದು ಮಿಲಿಮೀಟರಿನಂತೆ ಸರಿಸಿದೆ. ಅಲ್ಲಿಗೆ ಜಿ54ರ, ಅಂದರೆ ಕೆಲಸದ ಅಳತೆಗಳ ಆರಂಭ ಬಿಂದುವಿನ, ಸೊನ್ನೆಯನ್ನು ಮತ್ತೆ ಬರೆದೆ. ಉಳಿದ ಒರಟು ಕೆಲಸ ತೊಂದರೆಯಿಲ್ಲದೆ ಮುಗಿಯಿತು.

ಗೂಡಿನ ಕೊನೆಯ ಅಳತೆಗೆ ಅವಸರ ಮಾಡಲಿಲ್ಲ. 46.8ಕ್ಕೆ ನಿಲ್ಲಿಸಿ, ಟೆಲಿಸ್ಕೋಪಿಕ್ ಗೇಜಿನಿಂದ ಅಳತೆ ಹಿಡಿದು ಮೈಕ್ರೊಮೀಟರಿನಲ್ಲಿ ನೋಡಿದೆ. ಒರಟು ಕೆಲಸ ಮುಗಿದಾಗ ಪ್ಲೇಟು ಕೈಗೆ ಬೆಚ್ಚಗಿತ್ತು, ಸುಮಾರು 40 ಡಿಗ್ರಿ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದ 23 ಪಾಲು ಹಿಗ್ಗುತ್ತದೆ. 47 ಮಿಲಿಮೀಟರಿಗೆ, 15 ಡಿಗ್ರಿಯ ವ್ಯತ್ಯಾಸದಲ್ಲಿ, ಅದು 0.016 ಮಿಲಿಮೀಟರ್. ಬಿಸಿ ಪ್ಲೇಟಿನಲ್ಲಿ ಸರಿಯೆಂದು ಕಂಡ ಗೂಡು ತಣಿದ ಮೇಲೆ ಅಷ್ಟು ಚಿಕ್ಕದಾಗುತ್ತದೆ, ನನಗೆ ಬೇಕಾಗಿದ್ದ ನಿಖರತೆಯೇ ಅದಕ್ಕಿಂತ ಸಣ್ಣದು. ಒಂದು ರಾತ್ರಿ ಹಾಗೆಯೇ ಬಿಟ್ಟೆ.

ಬೆಳಗ್ಗೆ, ಅಂಚು ದಪ್ಪ ಚೂರಿನಿಂದ ಆರಂಭಿಸಿ ತೆಳುವಾಗಿ ಮುಗಿಸುವ ಕ್ಲೈಂಬ್ ದಿಕ್ಕಿನಲ್ಲಿ ಸುತ್ತುತ್ತಾ, ತೆಳುವಾಗಿ ಹೆರೆದು, ಪ್ರತಿ ಸಲ ಅಳೆದು ಮುಂದುವರಿದೆ. ಗೂಡು ಬಾಯಿಯಲ್ಲಿ ಅಗಲ, ತಳದಲ್ಲಿ 0.02 ಕಿರಿದು ಬರುತ್ತಿತ್ತು, ಏಕೆಂದರೆ ಕಟರ್ ತುದಿಯಲ್ಲಿ ಹೆಚ್ಚು ಬಾಗುತ್ತದೆ. ಅಳತೆ ಬದಲಿಸದೆ ಅದೇ ದಾರಿಯಲ್ಲಿ ಎರಡು ಸಲ ಸುಮ್ಮನೆ ಓಡಿಸಿದಾಗ ಆ ವ್ಯತ್ಯಾಸ ಮೈಕ್ರೊಮೀಟರಿನಲ್ಲಿ ಕಾಣದಷ್ಟಾಯಿತು. ಕೊನೆಗೆ ಎಲ್ಲ ದಿಕ್ಕಿನಲ್ಲೂ 46.98 ಮತ್ತು 46.99ರ ನಡುವೆ ನಿಂತಿತು. ಈ ಗಾತ್ರದ ಬೇರಿಂಗಿನ ಹೊರವ್ಯಾಸ 47.000ರಿಂದ 46.989ರ ಒಳಗೆ ಇರುತ್ತದೆ, ಹಾಗಾಗಿ ಸಿಕ್ಕ ಬಿಗಿತ 0.01ರ ಆಸುಪಾಸು. ಶಾಫ್ಟು ತಿರುಗುವ, ಹೊರಬಳೆ ನಿಂತಿರುವ ಇಂಥ ಜಾಗಕ್ಕೆ ಸಾಮಾನ್ಯವಾಗಿ ಸಡಿಲ ಕೂಡಿಕೆಯೇ ಸಾಕು. ಆದರೆ ಹಳೆಯ ಪ್ಲೇಟು ಸವೆದದ್ದು ಆ ಸಡಿಲದಿಂದಲೇ ಎಂಬುದನ್ನು ಕಣ್ಣಾರೆ ಕಂಡಿದ್ದರಿಂದ ಈ ದಾರಿ ಆರಿಸಿದೆ, ಬಿಗಿತದಿಂದ ಗುಂಡುಗಳು ಸಿಕ್ಕಿಕೊಳ್ಳದಿರಲೆಂದು ಒಳಸಡಿಲ ಹೆಚ್ಚಿರುವ ಸಿ3 ಬೇರಿಂಗ್ ತಂದೆ.

ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಲಿಲ್ಲ. ಅದನ್ನು ಫ್ರಿಜ್ಜಿನಲ್ಲಿಟ್ಟು ಕುಗ್ಗಿಸುವುದೂ ನಮ್ಮ ಊರಿಗೆ ಹೇಳಿ ಮಾಡಿಸಿದ್ದಲ್ಲ, ಹೊರತೆಗೆದ ಕೂಡಲೆ ತೇವದ ಗಾಳಿಯಿಂದ ಇಬ್ಬನಿ ಕೂತು ತುಕ್ಕಿಗೆ ದಾರಿಯಾಗುತ್ತದೆ. ಪ್ಲೇಟನ್ನೇ ಬಚ್ಚಲು ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಳಿಬಿಟ್ಟೆ. 25ರಿಂದ 98 ಡಿಗ್ರಿಗೆ ಏರಿದಾಗ ಗೂಡು 0.08 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಹೊರತೆಗೆದು ಒಣ ಬಟ್ಟೆಯಿಂದ ಬೇಗ ಒರೆಸಿ ಬೇರಿಂಗನ್ನು ಮೇಲಿಟ್ಟೆ. ಅದು ತನ್ನ ತೂಕದಿಂದಲೇ ತಳಕ್ಕೆ ಇಳಿದು ಕುಳಿತಿತು. ಐದು ವಾರಗಳ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಕ್ಷಣ ಅದು.

ಪ್ಲೇಟಿಗೆ, ಲೋಹವನ್ನು ತುಸು ಕೆರೆದು ಹಿಡಿದುಕೊಳ್ಳುವ ಎಚ್ (etch) ಪ್ರೈಮರ್ ಬಳಿದು, ಮೇಲೆ ಎನಾಮಲ್ ಹಚ್ಚಿದೆ. ಯಂತ್ರ ನಿಲ್ಲುವ ಕೊಟ್ಟಿಗೆಯಲ್ಲೇ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು, 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣದಂತೆ, ಕಲಸುವ ರೂಢಿ ಇತ್ತು. ಬರಿಯ ಅಲ್ಯೂಮಿನಿಯಂ ಮೇಲೆ ತಾಮ್ರದ ಲವಣ ಬಿದ್ದರೆ ತಾಮ್ರ ಕೂತಲ್ಲೆಲ್ಲ ಗುಳಿ ಬೀಳುತ್ತದೆ, ಸುಣ್ಣದ ಕ್ಷಾರ ಅದರ ರಕ್ಷಣೆಯ ಪೊರೆಯನ್ನೇ ಕರಗಿಸುತ್ತದೆ. ಹಳೆಯ ಪ್ಲೇಟಿನ ಹಿಂಬದಿಯಲ್ಲಿದ್ದ ಬಿಳಿ ಹುಡಿಯ ಗುಳಿಗಳಿಗೆ ಅದೇ ಕಾರಣವೆಂದು ನನ್ನ ತಿಳಿವು. ದ್ರಾವಣದ ಡ್ರಮ್ಮನ್ನು ತೋಟದ ಬದಿಗೆ ಸಾಗಿಸಿದೆವು. ಬೋಲ್ಟುಗಳು ಸ್ಟೇನ್‌ಲೆಸ್, ಅಲ್ಯೂಮಿನಿಯಂಗೆ ತಾಗುವಲ್ಲಿ ಗ್ರೀಸು.

ನವೆಂಬರ್ ಮೊದಲ ವಾರದ ಕೊನೆಯಿಂದ ಯಂತ್ರ ಓಡುತ್ತಿದೆ. ಎರಡು ಗಂಟೆ ಸತತ ಸುಲಿದ ಮೇಲೆ ಪ್ಲೇಟು 46 ಡಿಗ್ರಿ ತೋರಿಸಿತು, ಕೊಟ್ಟಿಗೆಯ ಗಾಳಿ 24. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ, ಈ 22 ಡಿಗ್ರಿಯ ಏರಿಕೆಯಲ್ಲಿ ಗೂಡು ಬೇರಿಂಗಿಗಿಂತ 0.011 ಮಿಲಿಮೀಟರ್ ಹೆಚ್ಚು ಅಗಲವಾಗುತ್ತದೆ, ಅಂದರೆ ನಾನು ಇಟ್ಟ ಬಿಗಿತವೆಲ್ಲ ಓಡುವಾಗ ಸರಿಸುಮಾರು ಸೊನ್ನೆಗೆ ಬರುತ್ತದೆ. ಬಳೆಯನ್ನು ಆಗ ಹಿಡಿದಿರುವುದು ಮುಚ್ಚಳದ ನಾಲ್ಕು ಎಂ4 ಸ್ಕ್ರೂಗಳ ಒತ್ತಡ. ಅದು ಸಾಕೇ ಎಂದು ತಿಳಿಯಲು ಹೊರಬಳೆಯ ಕಾಣುವ ಅಂಚಿನಿಂದ ಮುಚ್ಚಳದ ಮೇಲಕ್ಕೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಮೂರು ವಾರದ ಸುಲಿತದ ಬಳಿಕ ನಿನ್ನೆ ಸಂಜೆ ಬೆಲ್ಟ್ ಕವಚ ತೆಗೆದು ಟಾರ್ಚ್ ಹಾಕಿ ನೋಡಿದೆ. ಗೆರೆ ಎಳೆದಂತೆಯೇ ಇದೆ.